ನೆಟ್ಟಗಿನ ರೆಕ್ಕೆ

ಸೆಗೆಡ್ ಊರು, ತಿಸಾ ನದಿಯ ದಂಡೆ.
ಮೂರನೇ ಮಹಡಿಯಲ್ಲಿ ಎಟೆಲ್ಕಾ
ನೊಣ ಎಣಿಸುತ್ತಾಳೆ.
ಇಪ್ಪತ್ತೆಂಟು ವರ್ಷದಿಂದ ಅದೇ ಕುರ್ಚಿ, ಅದೇ ಕುಂಚ,
ಉದುರಿ ಉದುರಿ ಈಗ ಏಳೋ ಎಂಟೋ ಎಳೆ.

ಗಾಳಿ ಬಿಟ್ಟು ಮಲಗಿಸಿದ ಹಣ್ಣುನೊಣಗಳನ್ನು
ಬಿಳಿ ಹಾಸಿನ ಮೇಲೆ ಗಸಗಸೆಯಂತೆ ಸುರಿದು
ಎಡಕ್ಕೊಂದು, ಬಲಕ್ಕೊಂದು, ಎಡಕ್ಕೆ ಮತ್ತೊಂದು.
ಆಗ ಮಾತಾಡಿಸಬಾರದು. ಲೆಕ್ಕ ತಪ್ಪಿದರೆ
ಅವಳ ಅಜ್ಜಿಯ ಕಾಲದ ಬೈಗುಳ ಬೀಳುತ್ತದೆ.

ಪ್ರಶ್ನೆ ಇಷ್ಟೇ:
ಎರಡನೇ ವರ್ಣತಂತುವಿನ ಎಡತೋಳಿನಲ್ಲಿ
ಒಂದು ತುಂಡು. ಅದರಲ್ಲಿ ಇಪ್ಪತ್ತೈದು ಜೀನು.
ಯಾವುದು ಹೋದರೆ ಜೀವ ಹೋಗುತ್ತದೆ,
ಯಾವುದು ಹೋದರೆ ಏನೂ ಹೋಗುವುದಿಲ್ಲ?

ಕೇಳುವ ರೀತಿ ಮಾತ್ರ ಒರಟು.
ಗಂಡುಗಳಿಗೆ ಒಂದಿರುಳು ಸಕ್ಕರೆನೀರಿನಲ್ಲಿ ವಿಷ ಕುಡಿಸು.
ಎಲ್ಲಿಯಾದರೂ ಒಂದಕ್ಷರ ಕೆಡಲಿ.
ಅವುಗಳ ಮೊಮ್ಮಕ್ಕಳನ್ನು, ಆ ತುಂಡನ್ನೇ
ಕಳೆದುಕೊಂಡ ಇನ್ನೊಂದು ವಂಶಕ್ಕೆ ಕೊಟ್ಟು ತಂದುಕೊಂಡು
ಹನ್ನೊಂದನೇ ದಿನ ಸೀಸೆ ಬಿಚ್ಚು.

ಸುರುಳಿ ರೆಕ್ಕೆಯವು ಬಂದೇ ಬರುತ್ತವೆ,
ಕೆಡದ ಒಂದು ಪ್ರತಿಯನ್ನು ಜೇಬಿನಲ್ಲಿಟ್ಟುಕೊಂಡ ಜಾಣರು.
ಕಾಯಬೇಕಾದದ್ದು ನೆಟ್ಟಗಿನ ರೆಕ್ಕೆಯವನ್ನು.
ಮೂರರಲ್ಲೊಂದು ಬಂತೋ,
ಕೆಟ್ಟದ್ದು ಇಲ್ಲದೆಯೂ ನಡೆಯುತ್ತದೆ.
ಒಂದೂ ಬರಲಿಲ್ಲವೋ,
ಎಟೆಲ್ಕಾ ಸೊನ್ನೆ ಬರೆದು
ಅದರ ಸುತ್ತ ಇನ್ನೊಂದು ಸೊನ್ನೆ ಸುತ್ತುತ್ತಾಳೆ.

ಬಾರದವರಿಂದಲೇ ನಮ್ಮ ತಿಳುವಳಿಕೆ.
ಹಾಜರಿ ಕೂಗಿ, ಮೌನವನ್ನು ಬರೆದುಕೊಳ್ಳುವ ಮೇಷ್ಟರು ನಾವು.

ನಮ್ಮ ಹಳೆಯ ಟೈಪ್‌ರೈಟರಿನಲ್ಲಿ
ಒಂದು ಸ್ವರದ ತಲೆಯ ಮೇಲಿನ ಗೀಟು ಮುರಿದಿತ್ತು.
ಹತ್ತು ವರ್ಷ ಹಾಗೆಯೇ ಚೀಟಿ ಹೊಡೆದೆವು, ಓದಿದೆವು.
ಜಾಗ ಬಿಡುವ ಉದ್ದ ಪಟ್ಟಿ ಕೆಟ್ಟ ದಿನ
ಒಂದು ಸಾಲೂ ಸಾಲಾಗಿ ಉಳಿಯಲಿಲ್ಲ.

ಮೂವತ್ತೊಂದು ಕೆಡುಕುಗಳು ಸಿಕ್ಕವು.
ಒಂದಕ್ಕೊಂದು ಮದುವೆ ಮಾಡಿಸಿದೆವು, ಚಳಿಗಾಲವಿಡೀ.
ನೆಟ್ಟಗಿನ ಮಕ್ಕಳು ಹುಟ್ಟಿದರೆ
ಅವನ ತೂತು ಬೇರೆ, ಇವಳ ತೂತು ಬೇರೆ,
ಒಬ್ಬರ ಹರಕನ್ನು ಇನ್ನೊಬ್ಬರು ಮುಚ್ಚಿದರು.
ಹುಟ್ಟದಿದ್ದರೆ ಇಬ್ಬರೂ ಹರಿದದ್ದು ಒಂದೇ ಕಡೆ.
ಮಾರ್ಚ್ ಹೊತ್ತಿಗೆ ಏಳು ಗುಂಪು. ಏಳು ಜೀನು.

ಉಳಿದ ಹದಿನೆಂಟು ಯಾಕಿವೆ? ಅಂದೆ.
ತಿಹಾಮೇರ್ ಸಾಹೇಬರು ಕನ್ನಡಕ ಒರೆಸಿದರು:
ಬೆಚ್ಚನೆ ಸೀಸೆ, ಹೊತ್ತುಹೊತ್ತಿಗೆ ಊಟ,
ಇಲ್ಲಿ ಬೇಡದ್ದು ಹೊರಗೆ ಬೇಕೋ ಏನೋ.
ಎಟೆಲ್ಕಾ ತಲೆ ಎತ್ತದೆ ಹೇಳಿದಳು:
ಜೂನ್‌ನಲ್ಲಿ ನದಿಯ ಮೇಲೆ ಏಳುತ್ತವಲ್ಲ ಆ ಹುಳ,
ಸಂಜೆ ಎದ್ದು ಇರುಳಿಗೆ ಸಾಯುವವು,
ಅವಕ್ಕೆ ಉಣ್ಣುವ ಬಾಯಿಯೇ ಇಲ್ಲ.
ಒಂದು ಸಂಜೆಗೆ ಬಾಯಿ ಯಾಕೆ?

ಫೆಬ್ರವರಿಯದು ಹೇಳಲಿಲ್ಲ ನಾನು.
ನೊಣಗಳಿಗೆ ಜೋಳದ ಅಂಬಲಿ ಕಾಯಿಸುವ ಬೊರ್ಬಾಲಾ
ಹಿಮದಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡಳು.
ಹದಿನೈದು ದಿನ ನಾವೇ ಕಾಯಿಸಿದೆವು, ಪುಸ್ತಕ ನೋಡಿ.
ಅಂಬಲಿ ಬಿರಿಯಿತು, ಬೂಸಲು ಹಿಡಿಯಿತು,
ನಾಲ್ಕನೇ ಗುಂಪಿನ ಎರಡು ವಂಶ ನಿರ್ವಂಶ.
ಮೊಗಸಾಲೆಯ ಹೆಸರುಪಟ್ಟಿಯಲ್ಲಿ
ಅವಳ ಹೆಸರು ಮುಂಚೆಯೂ ಇರಲಿಲ್ಲ.

ಇವತ್ತು ಐದನೇ ಗುಂಪು.
ಇನ್ನೂರ ಹನ್ನೆರಡು ಸುರುಳಿ.
ಎಟೆಲ್ಕಾ ಕುಂಚ ಹಿಡಿದಲ್ಲೇ ನಿಂತು
ಬಾ, ಅಂದಳು. ದನಿ ಬೇರೆ ಇತ್ತು.

ನೆಟ್ಟಗಿನ ರೆಕ್ಕೆ. ಒಂದೇ ಒಂದು.
ಬಣ್ಣ ಪೇಲವ, ಹಿಂಗಾಲೊಂದು ಸೊಟ್ಟ.
ಎಚ್ಚರವಾಗಿ ಗಾಜು ಹತ್ತಿತು, ಬಿತ್ತು, ಹತ್ತಿತು.
ಬೆರಕೆ ಇರಬೇಕು, ಅಂದೆ.
ಬೆರಕೆಯ ಮುಖ ನನಗೆ ಗೊತ್ತು, ಅಂದಳು.

ಬರಬಾರದಿತ್ತು ಅದು. ಬಂದಿದೆ.
ಸಂಜೆಯೊಳಗೆ ಅಂಬಲಿಗೆ ಅಂಟಿಕೊಂಡು ಸಾಯುತ್ತದೆ,
ಇಂಥವು ಹಾಗೆಯೇ.
ಅವಳು ಪುಸ್ತಕದಲ್ಲಿ ಒಂದು ಎಂದು ಬರೆದಳು,
ಸುತ್ತ ಏನೂ ಸುತ್ತಲಿಲ್ಲ.
ಕೋಟು ಹಾಕಿಕೊಳ್ಳುವ ಹೊತ್ತಿಗೆ
ಇನ್ನೂ ಹತ್ತುತ್ತಿತ್ತು.